ಹುಟ್ಟಿದ ಮೇಲೆ ಕಟ್ಟುವ ಕೋಟೆ

ಬೀದರ್ ಜಿಲ್ಲೆಯ ಕಮಲನಗರದಲ್ಲಿ ಹುಟ್ಟುವ ಕೂಸಿಗೂ ಮೊದಲು ಸಿಗುವ ಲಸಿಕೆಗಳಲ್ಲಿ ಒಂದು ಬಿಸಿಜಿ. ಎಡತೋಳಿಗೆ ಚುಚ್ಚುವ ಈ ಮದ್ದಿನ ದುರ್ಬಲ ರೋಗಾಣುಗಳಲ್ಲಿ ಕೆಲವು ಎಡ ಬಗಲಿನ ದುಗ್ಧರಸ ಗ್ರಂಥಿಯನ್ನು ಸೇರುತ್ತವೆ. ಆ ಎಳೆಯ ಗ್ರಂಥಿಯಲ್ಲಿ ಅವುಗಳನ್ನು ಎದುರಿಸುವ ಸಿದ್ಧತೆ ಎಷ್ಟಿರುತ್ತದೆ? ಉತ್ತರದ ಹಿಂದೆ ನಾಲ್ಕು ಶತಮಾನಗಳ ಕಥೆಯಿದೆ.

1622ರಲ್ಲಿ ಇಟಲಿಯ ವೈದ್ಯ ಗಾಸ್ಪರೆ ಅಸೆಲ್ಲಿ, ಆಗಷ್ಟೇ ತಿಂದಿದ್ದ ನಾಯಿಯೊಂದರ ಹೊಟ್ಟೆ ಸೀಳಿದಾಗ ಕರುಳಿನ ಬಳಿ ಹಾಲುಬಣ್ಣದ ನಾಳಗಳನ್ನು ಕಂಡ. ಕನ್ನಡದ 'ದುಗ್ಧರಸ' ಎಂಬ ಮಾತಿನಲ್ಲೂ ಹಾಲಿದೆ. ಈ ಬಗೆಯ ನಾಳಗಳ ದಾರಿಯಲ್ಲಿರುವ, ಅವರೆಕಾಳಿನ ಆಕಾರದ ಗ್ರಂಥಿಗಳನ್ನು ಬಹುಕಾಲ ಬರೀ ಸೋಸುವ ಜರಡಿಗಳೆಂದು ಭಾವಿಸಲಾಗಿತ್ತು. ರೋಗದ ವಿರುದ್ಧ ಬಿಳಿ ರಕ್ತಕಣಗಳು ಸಜ್ಜಾಗುವ ಠಾಣೆಗಳು ಇವೇ ಎಂಬುದು ಸ್ಪಷ್ಟವಾದದ್ದು 20ನೇ ಶತಮಾನದಲ್ಲಿ.

ಠಾಣೆ ಎಂದ ಮೇಲೆ ಕಟ್ಟಡವೂ ಬೇಕು. ಆ ಕೆಲಸ ಆಸರೆ ಕೋಶಗಳದು. ಅವು ಬಲೆಯಂತೆ ಹರಡಿ, ಯಾವ ಕಣ ಎಲ್ಲಿ ನಿಲ್ಲಬೇಕೆಂದು ರಾಸಾಯನಿಕ ಸಂಕೇತಗಳ ಮೂಲಕ ತಿಳಿಸುತ್ತವೆ. 'ಲಿಂಫೋಟಾಕ್ಸಿನ್' ಎಂಬ ಪ್ರೋಟೀನು ತಯಾರಾಗದ ಇಲಿಗಳಲ್ಲಿ ಈ ಗ್ರಂಥಿಗಳೇ ಬೆಳೆಯುವುದಿಲ್ಲ ಎಂದು 1994ರಲ್ಲಿ ತಿಳಿಯಿತು. ಮುಂದಿನ ಸಂಶೋಧನೆಗಳು ಇನ್ನೊಂದು ಸಂಗತಿ ತೋರಿಸಿದವು. ಗರ್ಭದಲ್ಲಿ ಬೀಳುವುದು ಅಡಿಪಾಯ ಮಾತ್ರ. ಹುಟ್ಟಿದ ಮೇಲೆ ಬಿಳಿ ಕಣಗಳು ಬಂದು ತುಂಬಿದಂತೆಲ್ಲ ಆಸರೆ ಕೋಶಗಳು ಹೆಚ್ಚುತ್ತವೆ, ಕೆಲಸ ಹಂಚಿಕೊಂಡು ಬೇರೆ ಬೇರೆ ಬಗೆಯವಾಗುತ್ತವೆ. ಹೊರಗಿನ ಸೂಕ್ಷ್ಮಾಣುಗಳ ಪರಿಚಯವೂ ಇದಕ್ಕೆ ಬೇಕು. ಸೂಕ್ಷ್ಮಾಣುಗಳೇ ಇಲ್ಲದ ವಾತಾವರಣದಲ್ಲಿ ಸಾಕಿದ ಇಲಿಗಳ ಗ್ರಂಥಿಗಳು ಪೂರ್ತಿ ಬೆಳೆಯುವುದಿಲ್ಲ.

ಬೀದರ್ ಕೋಟೆಯನ್ನೇ ನೋಡಿ. 15ನೇ ಶತಮಾನದಲ್ಲಿ ಬಹಮನಿ ದೊರೆ ಅಹಮದ್ ಷಾ ಅದನ್ನು ಕಟ್ಟಿಸಿದರೂ, ಒಳಗಿನ ರಂಗೀನ್ ಮಹಲಿಗೆ ಇಂದಿನ ಅಂದ ಬಂದದ್ದು ಮರುಶತಮಾನದಲ್ಲಿ, ಅಲಿ ಬರೀದ್ ಷಾನ ಕಾಲಕ್ಕೆ. ಗ್ರಂಥಿಯೂ ಹಾಗೆಯೇ, ವಾಸಕ್ಕೆ ಬಂದವರ ಅಗತ್ಯಕ್ಕೆ ತಕ್ಕಂತೆ ಒಳಗಿನಿಂದ ಬೆಳೆಯುತ್ತದೆ.

ರೋಗನಿರೋಧಕ ವಸ್ತುಗಳ ತಯಾರಿಗೆ ನೆರವಾಗುವ ಒಂದು ಬಗೆಯ ಆಸರೆ ಕೋಶಗಳ ಬಲೆ ಎಳೆಗೂಸಿನಲ್ಲಿ ಇನ್ನೂ ಹೆಣೆದು ಮುಗಿದಿರುವುದಿಲ್ಲ. ಒಂದೇ ಸಲದ ಲಸಿಕೆಗೆ ಕೂಸಿನ ಮೈ ಬಲವಾಗಿ ಸ್ಪಂದಿಸದಿರಲು ಇದೂ ಒಂದು ಕಾರಣ. ಆದ್ದರಿಂದಲೇ ಭಾರತದಲ್ಲಿ ಪೆಂಟಾವೇಲೆಂಟ್ ಲಸಿಕೆಯನ್ನು 6, 10 ಮತ್ತು 14ನೇ ವಾರಗಳಲ್ಲಿ ಮೂರು ಸಲ ಕೊಡುತ್ತಾರೆ. ಕೂಲಿ ಅರಸಿ ಗುಳೆ ಹೋಗುವ ಕುಟುಂಬಗಳಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಈ ನಂತರದ ಸುತ್ತುಗಳೇ. ಮೊದಲ ಸೂಜಿ ಆಯಿತೆಂದು ನಿಶ್ಚಿಂತರಾಗುವಂತಿಲ್ಲ. ಲಸಿಕೆಯ ಕಾರ್ಡು ಹೋದ ಊರಿಗೂ ಜೊತೆಯಲ್ಲಿರಬೇಕು.