ಎಳೆ ಎಣಿಸಿ ಕಂಡ ಹದ್ದು

ಪೆರುವಿನ ಉತ್ತರ ಕರಾವಳಿಯಲ್ಲಿ ಹುವಾಕಾ ಪ್ರಿಯೆಟಾ ಎಂಬ ದಿಬ್ಬವಿದೆ. 1946ರಲ್ಲಿ ಅದನ್ನು ಅಗೆಯತೊಡಗಿದ ಪುರಾತತ್ವಜ್ಞ ಜೂನಿಯಸ್ ಬರ್ಡ್ ಅವರಿಗೆ ಸಿಕ್ಕಿದ್ದು ಚಿನ್ನವಲ್ಲ, ಸಾವಿರಾರು ಚಿಂದಿಗಳು. ಬಣ್ಣವೆಲ್ಲ ಮಾಸಿಹೋದ ಹತ್ತಿಬಟ್ಟೆ. ಬರಿಗಣ್ಣಿಗೆ ಏನೂ ಕಾಣದು. ಬರ್ಡ್ ಬಿಡಲಿಲ್ಲ; ಸೂಕ್ಷ್ಮದರ್ಶಕದಡಿ ಇಟ್ಟು, ಹಾಸಿನ ಒಂದೊಂದು ಎಳೆ ಎತ್ತ ಸರಿದಿದೆಯೆಂದು ಗುರುತು ಹಾಕುತ್ತ ಹೋದರು. ರೆಕ್ಕೆ ಬಿಚ್ಚಿದ ಕಾಂಡೋರ್ ಹದ್ದೊಂದು ಮೂಡಿತು. ಅದರ ಹೊಟ್ಟೆಯೊಳಗೆ ಹಾವು!

ಆ ಬಟ್ಟೆಗೆ 4,000 ವರ್ಷಕ್ಕೂ ಹೆಚ್ಚು ವಯಸ್ಸು. ಮಗ್ಗವಿಲ್ಲದೆ ಕೈಯಲ್ಲೇ ಎಳೆ ಹೊಸೆದು ಮಾಡಿದ್ದು. ಅದೇ ದಿಬ್ಬದ ಇನ್ನಷ್ಟು ಹಳೆಯ ಚೂರುಗಳಲ್ಲಿ ಸುಮಾರು 6,000 ವರ್ಷ ಹಿಂದಿನ ನೀಲಿಬಣ್ಣ ಇರುವುದು 2016ರಲ್ಲಿ ಪ್ರಕಟವಾಯಿತು. ನೀಲಿಗೆ ಭಾರತದ ಹೆಸರನ್ನೇ ಇಟ್ಟು ‘ಇಂಡಿಗೊ’ ಎಂದ ಯುರೋಪಿನವರಿಗೆ ಈ ಸುದ್ದಿ ಎಲ್ಲಿ ಗೊತ್ತಿತ್ತು!

ಮುಂದೆ ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗ ಬಂತು, ಅಲ್ಪಾಕ ಉಣ್ಣೆ ಬಂತು, ಪಾಪಸುಕಳ್ಳಿಯ ಮೇಲಿನ ಹುಳುವಿನಿಂದ ಕಡುಗೆಂಪು ಬಂತು. ಕತ್ತರಿ ಮಾತ್ರ ಬರಲಿಲ್ಲ. ನಮ್ಮ ಸೀರೆಗೆ ಎರಡು ಕಡೆ ಅಂಚು. ಆಂಡೀಸಿನ ಬಟ್ಟೆಗೆ ನಾಲ್ಕೂ ಕಡೆ. ಬೇಕಾದ ಅಳತೆಗೇ ನೇಯ್ದು ಮುಗಿಸುತ್ತಿದ್ದರು. ಇಂಕಾಗಳಿಗೂ ಮುಂಚಿನ ವಾರಿ ಜನರ ಅಂಗಿಗಳಲ್ಲಂತೂ ಪಕ್ಕದ ಅಂಚಿನತ್ತ ಹೋದಂತೆ ಆಕೃತಿಗಳು ಹಿಂಡಿಕೊಂಡು ಸಣಕಲಾಗುತ್ತವೆ. ನೇಕಾರನ ಕೈ ತಪ್ಪಿದ್ದಲ್ಲ, ಬೇಕೆಂದೇ ಮಾಡಿದ್ದು.

ಇಂಕಾ ಅರಸರ ಕಾಲಕ್ಕೆ ಬಟ್ಟೆಯೇ ಸರ್ಕಾರಿ ಖಜಾನೆ. ಕುಂಬಿ ಎಂಬ ಅತಿ ನಯವಾದ ಬಟ್ಟೆಯನ್ನು ಅರಸ ಉಡುಗೊರೆ ಕೊಡುತ್ತಿದ್ದ. ಸೂರ್ಯನಿಗೆ ಆಹುತಿಯಾಗಿ ಸುಡುವುದೂ ಇತ್ತು. 1532ರಲ್ಲಿ ಕಾಹಮಾರ್ಕಾ ಪಟ್ಟಣದಲ್ಲಿ ಇಂಕಾ ಅರಸ ಅಟಾಹುವಾಲ್ಪಾನ ಮೆರವಣಿಗೆಯ ಮುಂದಿದ್ದವರು ಚದುರಂಗದ ಮಣೆಯಂಥ ಚೌಕುಳಿ ಅಂಗಿ ತೊಟ್ಟಿದ್ದರೆಂದು, ದಂಡೆತ್ತಿ ಬಂದ ಸ್ಪೇನಿನ ಪಿಜಾರೊನ ಕಾರ್ಯದರ್ಶಿ ಹೆರೆಸ್ ಬರೆದಿಟ್ಟಿದ್ದಾನೆ.

ಅಂಥ ಚೌಕುಳಿ ಅಂಗಿ ಇನ್ನೊಂದು ಕಡೆಯೂ ಕಾಣುತ್ತದೆ, ಹೆಬ್ಬೆರಳಿನಷ್ಟು ಚಿಕ್ಕದಾಗಿ. ವಾಷಿಂಗ್ಟನ್ನಿನ ಡಂಬರ್ಟನ್ ಓಕ್ಸ್ ಸಂಗ್ರಹದಲ್ಲಿರುವ ಅರಸು ಅಂಗಿಯ ತುಂಬ ತೊಕಾಪು ಎಂಬ ಪುಟ್ಟ ಚೌಕಗಳು, ಬಗೆಬಗೆಯವು. ಅವು ಅಕ್ಷರಗಳೇ, ಕುಲಚಿಹ್ನೆಗಳೇ, ಬರೀ ಅಲಂಕಾರವೇ ಎಂಬ ವಾದ ಇನ್ನೂ ನಡೆದೇ ಇದೆ. ಹುವಾಕಾ ಪ್ರಿಯೆಟಾದಲ್ಲಿ ಎಳೆ ಎಣಿಸಿದ್ದಕ್ಕೆ ಹದ್ದು ಸಿಕ್ಕಿತು. ಇಲ್ಲಿ ಎಲ್ಲ ಎಳೆಗಳೂ ಎದುರಿಗೇ ಇವೆ, ಬಣ್ಣವೂ ಮಾಸಿಲ್ಲ. ಆದರೂ ಆ ಚೌಕಗಳ ನಡುವೆ ಇದು ಇಂಥದ್ದೇ ಎಂದು ಸಲೀಸಾಗಿ ಗುರುತು ಹಿಡಿಯಬಹುದಾದದ್ದು ಇಂಕಾ ಸೈನಿಕರು ತೊಡುತ್ತಿದ್ದ ಆ ಕಪ್ಪು ಬಿಳುಪು ಚೌಕುಳಿ ಅಂಗಿಯೊಂದೇ.