ಪರವಲಯದ ಜ್ಯಾದ ಇಳಿಜಾರು

ಪರವಲಯದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ರೇಖಾಖಂಡವೇ ಜ್ಯಾ. ಬಿಂದುಗಳ ಎತ್ತರದ ವ್ಯತ್ಯಾಸವನ್ನು ಅವುಗಳ ಅಡ್ಡ ಅಂತರದಿಂದ ಭಾಗಿಸಿದರೆ ಅದರ ಇಳಿಜಾರು ಸಿಗುತ್ತದೆ. ಎತ್ತರವು ಅಡ್ಡ ದೂರದ ವರ್ಗಕ್ಕೆ ಸಮವಾಗಿರುವ ಪರವಲಯದಲ್ಲಿ (1, 1) ಮತ್ತು (3, 9) ಬಿಂದುಗಳ ನಡುವಿನ ಇಳಿಜಾರು 8 ÷ 2, ಅಂದರೆ 4. ಅಡ್ಡ ದೂರಗಳ ಮೊತ್ತವೂ 1 + 3 = 4. ನಡುವಿನ 2ರಲ್ಲಿ ಎಳೆದ ಸ್ಪರ್ಶಕದ ಇಳಿಜಾರೂ 4. ಈ ಹೊಂದಾಣಿಕೆ ಈ ಪರವಲಯದ ಎಲ್ಲ ಜ್ಯಾಗಳಿಗೂ ಅನ್ವಯಿಸುತ್ತದೆ.

ಗ್ರೀಕರು ಇದನ್ನು ಸಂಖ್ಯೆಗಳಿಲ್ಲದೆ, ರೇಖೆಗಳ ಸಂಬಂಧವಾಗಿ ಅರಿತಿದ್ದರು. ಜ್ಯಾದ ಮಧ್ಯಬಿಂದುವಿನಿಂದ ಅಕ್ಷಕ್ಕೆ ಸಮಾಂತರವಾಗಿ ಎಳೆದ ರೇಖೆ ಪರವಲಯವನ್ನು ಸಂಧಿಸುವಲ್ಲಿ ಸ್ಪರ್ಶಕವು ಜ್ಯಾಗೆ ಸಮಾಂತರವಾಗಿರುತ್ತದೆ. ಕ್ರಿ.ಪೂ. 3ನೇ ಶತಮಾನದ ಆರ್ಕಿಮಿಡೀಸ್ ಪರವಲಯಖಂಡದ ವಿಸ್ತೀರ್ಣ ಕಂಡುಹಿಡಿಯುವಾಗ ಈ ಗುಣವನ್ನು ಬಳಸಿದ. ಅದರ ಸಾಧನೆ ಹಿಂದಿನ ಶಾಂಕವ ಗ್ರಂಥಗಳಲ್ಲಿದೆ ಎಂದು ಹೇಳಿ ಮುಂದುವರಿದ.

ಇದೇ ಸಂಗತಿ ಮಧ್ಯಯುಗದಲ್ಲಿ ಚಲನೆಯ ಚರ್ಚೆಯಲ್ಲಿ ಬೇರೆ ರೂಪದಲ್ಲಿ ಬಂತು. ಸಮವೇಗೋತ್ಕರ್ಷದಲ್ಲಿ ಸರಾಸರಿ ವೇಗವು ಅವಧಿಯ ನಟ್ಟನಡುವಿನ ಕ್ಷಣದ ವೇಗಕ್ಕೆ ಸಮ ಎಂದು ಆಕ್ಸ್‌ಫರ್ಡಿನ ವಿಲಿಯಂ ಹೇಟ್ಸ್‌ಬರಿ 1335ರಲ್ಲಿ ಬರೆದ. ಬೀಳುವ ವಸ್ತು ಕ್ರಮಿಸುವ ದೂರವು ಕಾಲದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ಮೇಲೆ ಎರಡರ ನಂಟು ಸ್ಪಷ್ಟವಾಯಿತು: ಕಾಲ–ದೂರಗಳ ನಕ್ಷೆ ಪರವಲಯ, ಅದರ ಜ್ಯಾದ ಇಳಿಜಾರು ಸರಾಸರಿ ವೇಗ. ಗಾಳಿಯ ತಡೆಯಿಲ್ಲದೆ ಬಿಟ್ಟ ಕಲ್ಲು 1 ಸೆಕೆಂಡಿಗೆ 4.9 ಮೀಟರ್, 3 ಸೆಕೆಂಡಿಗೆ 44.1 ಮೀಟರ್ ಬಿದ್ದಿರುತ್ತದೆ. ಆ ನಡುವಿನ ಸರಾಸರಿ ವೇಗ ಸೆಕೆಂಡಿಗೆ 19.6 ಮೀಟರ್, 2ನೇ ಸೆಕೆಂಡಿನ ಕೊನೆಗೆ ಕಲ್ಲಿನ ವೇಗವೂ ಅಷ್ಟೇ.

ಡೇಕಾರ್ಟ್‌ನ 1637ರ ‘ಜ್ಯಾಮಿತಿ’ ವಕ್ರರೇಖೆಗಳನ್ನು ಸಮೀಕರಣಗಳ ಮೂಲಕ ಅಭ್ಯಸಿಸುವ ದಾರಿ ತೆರೆಯಿತು. ಅದೇ ಕಾಲದಲ್ಲಿ ಫರ್ಮಾ ಅಲ್ಪ ಪರಿಮಾಣವೊಂದನ್ನು ಸೇರಿಸಿ, ಅದರಿಂದಲೇ ಭಾಗಿಸಿ, ಕೊನೆಗೆ ಅದನ್ನು ಕೈಬಿಟ್ಟು ಪರವಲಯದ ಸ್ಪರ್ಶಕವನ್ನು ಪಡೆದ. ಇಂದಿನ ರೀತಿಯಲ್ಲಿ, ಬಿಂದುಗಳ ಅಡ್ಡ ದೂರ ‘ಅ’ ಮತ್ತು ‘ಅ + ಕ’ ಆದರೆ ಜ್ಯಾದ ಇಳಿಜಾರು 2ಅ + ಕ. ‘ಕ’ ಸೊನ್ನೆಯತ್ತ ಸಾಗಿದಂತೆ ಅದು 2ಅ ಕಡೆಗೆ ಸಾಗುತ್ತದೆ. ನ್ಯೂಟನ್ ಮತ್ತು ಲೈಬ್ನಿಟ್ಸ್ ಇಂಥ ಗಣನೆಯನ್ನು ಎಲ್ಲ ಬಗೆಯ ವಕ್ರರೇಖೆಗಳಿಗೆ ವಿಸ್ತರಿಸಿದರು.

ಮೊದಲು ಭಾಗಿಸಲು ಬಳಸಿದ ಪರಿಮಾಣವನ್ನು ಆಮೇಲೆ ಸೊನ್ನೆ ಎನ್ನುವುದು ಹೇಗೆ ಎಂದು ಬರ್ಕ್ಲಿ 1734ರಲ್ಲಿ ಆಕ್ಷೇಪಿಸಿದ. ಕೋಶಿ 1823ರಲ್ಲಿ ಸ್ಪರ್ಶಕದ ಇಳಿಜಾರನ್ನು ಕೊಡುವ ನಿಷ್ಪನ್ನವನ್ನು ಜ್ಯಾದ ಇಳಿಜಾರಿನ ಭಾಗಲಬ್ಧದ ಮಿತಿಯೆಂದು ನಿರೂಪಿಸಿ ಆಕ್ಷೇಪಕ್ಕೆ ಉತ್ತರ ಒದಗಿಸಿದ. ಲಗ್ರಾಂಜನ ಮಧ್ಯಮಾನ ಪ್ರಮೇಯದಂತೆ, ಎಲ್ಲೆಡೆ ಸ್ಪರ್ಶಕವಿರುವ ಅಖಂಡ ವಕ್ರದ ಪ್ರತಿ ಜ್ಯಾಗೂ ಸಮಾಂತರವಾದ ಸ್ಪರ್ಶಕ ನಡುವೆ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಅದು ಯಾವಾಗಲೂ ಸರಿಯಾಗಿ ಮಧ್ಯದಲ್ಲೇ ಬರುವುದು, ಸರಳರೇಖೆಯನ್ನು ಬಿಟ್ಟರೆ, ವರ್ಗಫಲನದ ನಕ್ಷೆಯಾದ ಪರವಲಯದಲ್ಲಿ ಮಾತ್ರ.