ಬಾನಾದಿಂದ ಬಣ್ಣಕ್ಕೆ

ಜನಗಢ ಸಿಂಗ್ ಶ್ಯಾಮ್ ಅವರನ್ನು ಪರಿಚಯಿಸುವಾಗ ‘ತಾನೇ ಕಲಿತ ಆದಿವಾಸಿ ಕಲಾವಿದ’ ಎನ್ನುವುದು ರೂಢಿ. ಮಾತು ಸುಳ್ಳಲ್ಲ, ಅವರು ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ನನಗೆ ಈ ಪರಿಚಯ ಸಾಲದು ಅನಿಸುತ್ತದೆ. ಅವರಿಗೆ ಕಲಿಸಿದ ಒಂದು ಸಮುದಾಯದ ನೆನಪನ್ನೇ ಅದು ಲೆಕ್ಕದಿಂದ ಬಿಟ್ಟುಬಿಡುತ್ತದೆ.

ಜನಗಢ ಹುಟ್ಟಿದ್ದು 1960ರ ದಶಕದ ಆರಂಭದಲ್ಲಿ, ಮಧ್ಯಪ್ರದೇಶದ ಪಾಟನಗಢ ಎಂಬ ಹಳ್ಳಿಯ ಪರಧಾನ ಕುಟುಂಬದಲ್ಲಿ. ಪರಧಾನರು ಗೊಂಡರ ಹಾಡುಗಾರರು. ಏಳು ಅಣ್ಣತಮ್ಮಂದಿರಲ್ಲಿ ಕಿರಿಯವನು ಬಾನಾ ಎಂಬ ತಂತಿವಾದ್ಯ ನುಡಿಸಿ, ಸಾಜ ಮರದಲ್ಲಿ ನೆಲೆಸಿದ್ದ ಬಡಾದೇವನನ್ನು ಒಲಿಸಿಕೊಂಡನಂತೆ. ಅವನ ಸಂತತಿಯೇ ತಾವು ಎಂಬುದು ಅವರ ನಂಬಿಕೆ. ಸಾಜ ಎಂದರೆ ನಮ್ಮ ಮತ್ತಿ ಮರ. ಗೊಂಡ ಯಜಮಾನರ ಮನೆಗಳಿಗೆ ಹೋಗಿ ವಂಶಾವಳಿಯನ್ನೂ ರಾಜರ ಕಥೆಗಳನ್ನೂ ಹಾಡಿ ಕಾಣಿಕೆ ಪಡೆಯುವುದು ಅವರ ಕಸುಬು. ಯಜಮಾನರೇ ಬಡವರಾಗುತ್ತಾ ಬಂದಂತೆ ಕಸುಬೂ ಸೊರಗಿತು.

ಭೋಪಾಲದಲ್ಲಿ ಭಾರತ ಭವನ ಆರಂಭವಾದದ್ದು 1982ರಲ್ಲಿ. ಅಲ್ಲಿನ ರೂಪಂಕರ ಕಲಾಸಂಗ್ರಹಾಲಯದ ಹೊಣೆ ಹೊತ್ತಿದ್ದ ಚಿತ್ರಕಾರ ಜೆ. ಸ್ವಾಮಿನಾಥನ್, ಹಳ್ಳಿಗಳ ಕಲೆ ಹುಡುಕಲು ತಂಡಗಳನ್ನು ಕಳುಹಿಸಿದ್ದರು. ಪಾಟನಗಢಕ್ಕೆ ಹೋದ ತಂಡ ಮನೆಯ ಗೋಡೆಯ ಮೇಲೆ ಜನಗಢರ ಚಿತ್ರ ಕಂಡಿತು. ಅವರು ಭೋಪಾಲಕ್ಕೆ ಬಂದರು. ಪೋಸ್ಟರ್ ಬಣ್ಣ, ಶಾಯಿ, ಕ್ಯಾನ್ವಾಸು ಕೈಗೆ ಬಂದವು. ಅದುವರೆಗೆ ಹೆಚ್ಚಾಗಿ ಹಾಡಿನಲ್ಲೇ ಇದ್ದ ದೇವತೆಗಳು ಚುಕ್ಕಿ, ಗೆರೆಗಳಲ್ಲಿ ಮೈ ಪಡೆದರು. ಬಾನಾ ಮಾಡುತ್ತಿದ್ದ ಕೆಲಸವನ್ನು ಕುಂಚ ಮುಂದುವರಿಸಿತು ಎಂದೇ ನಾನು ಇದನ್ನು ಓದುತ್ತೇನೆ.

1989ರಲ್ಲಿ ಪ್ಯಾರಿಸ್ಸಿನ ಪಾಂಪಿಡು ಕೇಂದ್ರದ ದೊಡ್ಡ ಪ್ರದರ್ಶನದಲ್ಲಿ ಅವರ ಚಿತ್ರಗಳಿದ್ದವು. ಭೋಪಾಲದ ವಿಧಾನಭವನದ ಗೋಡೆಗಳಲ್ಲೂ ಅವರ ಕೈಗುರುತಿದೆ. ಗೊಂಡ ಯಜಮಾನರ ಜಾಗಕ್ಕೆ ಈಗ ಸರ್ಕಾರ, ಗ್ಯಾಲರಿ, ಮ್ಯೂಸಿಯಂಗಳು ಬಂದಿದ್ದವು. ಹಳೆಯ ಪರಧಾನ ಯಜಮಾನನ ಮನೆಗೆ ಹೋದರೆ ಅಲ್ಲಿ ಅವನ ಭಾಷೆ ತಿಳಿದವರಿದ್ದರು, ಅವನ ಹಾಡಿನಲ್ಲಿ ತಮ್ಮ ಹಿರಿಯರ ಹೆಸರು ಕೇಳಿ ತಲೆದೂಗುವವರಿದ್ದರು. ಹೊಸ ಯಜಮಾನರ ಮನೆಗಳು ಬಹಳ ದೂರದಲ್ಲಿದ್ದವು. 2001ರ ಜುಲೈಯಲ್ಲಿ, ಜಪಾನಿನ ನೀಗಾಟ ಪ್ರಾಂತ್ಯದ ಮಿಥಿಲಾ ಮ್ಯೂಸಿಯಂನಲ್ಲಿ ಚಿತ್ರ ಬರೆಯಲು ಹೋಗಿದ್ದಾಗ, ಜನಗಢ ಆತ್ಮಹತ್ಯೆ ಮಾಡಿಕೊಂಡರು. ಆಗ ಅವರಿಗೆ ಸುಮಾರು ನಲವತ್ತು ವರ್ಷ. ಆದಿವಾಸಿ ಕಲೆಯನ್ನು ಕೊಂಡಾಡುವ ನಾವು ಆ ಕಲಾವಿದರ ಬದುಕಿಗೆ ಎಷ್ಟು ಹೊಣೆ ಎಂಬ ಪ್ರಶ್ನೆಯನ್ನು ಆ ಸಾವು ಇಟ್ಟುಹೋಯಿತು.

ಅಷ್ಟರಲ್ಲಿ ಅವರು ಊರಿನ ನೆಂಟರಿಷ್ಟರನ್ನು ಕರೆಸಿಕೊಂಡು ಕುಂಚ ಹಿಡಿಯಲು ಕಲಿಸಿದ್ದರು. ಅವರಲ್ಲೊಬ್ಬರು ಅಣ್ಣನ ಮಗ ಭಜ್ಜು ಶ್ಯಾಮ್. 2004ರಲ್ಲಿ ಬಂದ ‘ದಿ ಲಂಡನ್ ಜಂಗಲ್ ಬುಕ್’ನಲ್ಲಿ ಭಜ್ಜು, ಲಂಡನ್ನಿನ ಬಿಗ್ ಬೆನ್ ಗಡಿಯಾರವನ್ನು ಹೊತ್ತು ತಿಳಿಸುವ ಹುಂಜವಾಗಿ ಬರೆದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಶೈಲಿಯನ್ನು ಈಗ ‘ಜನಗಢ ಕಲಮ್’ ಎನ್ನುತ್ತಾರೆ. ತಾನೇ ಕಲಿತವರು ಎನಿಸಿಕೊಂಡ ಜನಗಢರ ಹೆಸರಿನಲ್ಲಿ ಇವತ್ತು ಪರಧಾನರ ಹೊಸ ಪೀಳಿಗೆ ಕಲಿಯುತ್ತಿದೆ.